ಶಿರೂರು ನೋಡಿದವರು ಹೀಗೆ ಕೇಳುವುದಿಲ್ಲ

ಯುದ್ಧವಿಲ್ಲದಾಗ ಸೇನೆಯ ರಕ್ಷಣಾ ತಂಡಗಳಿಗೆ ಇಷ್ಟು ಖರ್ಚು ಯಾಕೆ ಅಂತ ಒಬ್ಬರು ಕೇಳಿದ್ದಾರೆ. ಕಾರವಾರದ ನಮಗೆ ಈ ಪ್ರಶ್ನೆ ಏಳುವುದಿಲ್ಲ. 2021ರ ಜುಲೈನಲ್ಲಿ ಕಾಳಿ ನದಿ ಉಕ್ಕಿ ಕದ್ರಾ ಕಡೆ ನೀರು ನುಗ್ಗಿದಾಗ ನೌಕಾನೆಲೆಯವರು ದೋಣಿ ತಂದು ಜನರನ್ನು ದಾಟಿಸಿದರು. ಯುದ್ಧಕ್ಕಾಗಿ ನೀರಿನಡಿ ಸಿಡಿಮದ್ದು ಹುಡುಕಲು ಕಲಿತ ಮುಳುಗುಗಾರರೇ ನದಿಯಲ್ಲಿ ಮುಳುಗಿದ ಲಾರಿಯನ್ನೂ ಹುಡುಕುವುದು. ಕೆಸರು ನೀರಲ್ಲಿ ಕಣ್ಣು ಕಾಣಲ್ಲ, ಕೈಯಲ್ಲೇ ತಡವಬೇಕು. ಸುಮ್ನೆ ಬರುವ ವಿದ್ಯೆಯಲ್ಲ ಅದು.

ಹಾಗಂತ ಅವರು ಮಾಯಾವಿಗಳೂ ಅಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಕೇರಳದ ಲಾರಿಯೊಂದು ಗಂಗಾವಳಿ ನದಿ ಪಾಲಾದಾಗ, ನದಿಯ ಸೆಳೆತ ಅವರನ್ನೂ ತಡೆಯಿತು. ಗೋವಾದಿಂದ ಹೂಳೆತ್ತುವ ಡ್ರೆಜ್ಜರ್ ಯಂತ್ರ ಬಂದ ಮೇಲೆ, ಸೆಪ್ಟೆಂಬರ್ 25ಕ್ಕೆ ಆ ಲಾರಿ ಸಿಕ್ಕಿತು. ನನ್ನ ತಕರಾರು ಇಲ್ಲೇ. ಅಂಥದ್ದೊಂದು ಯಂತ್ರವನ್ನು ಮಳೆಗಾಲಕ್ಕೆ ಮುಂಚೆ ನಮ್ಮ ಬಂದರಿನಲ್ಲೇ ಇಟ್ಟುಕೊಳ್ಳಬಹುದಲ್ವಾ?