ಐದಾರು ಟೈಗಳ ಸಂಸಾರ

ಚಿಕ್ಕಮಗಳೂರಿನಂಥ ಊರಿನಲ್ಲಿ ಟೈ ಕಟ್ಟುವವರು ಯಾರ್‍ಯಾರು ಎಂದು ಹೇಳುವುದು ಕಷ್ಟವೇನಲ್ಲ. ಬೆಳಗಿನ ಹೊತ್ತು ಐ.ಜಿ. ರಸ್ತೆಯಲ್ಲಿ ಹಾಯುವ ಆಟೋಗಳಲ್ಲಿ ಒತ್ತೊತ್ತಾಗಿ ಕುಳಿತ ಶಾಲೆಯ ಮಕ್ಕಳ ಕೊರಳಲ್ಲಿ ಎಲಾಸ್ಟಿಕ್ ಟೈಗಳಿರುತ್ತವೆ. ಮಧ್ಯಾಹ್ನದ ವೇಳೆಗೆ ದಪ್ಪ ಬ್ಯಾಗು ಹಿಡಿದು ಡಾಕ್ಟರರ ಬಾಗಿಲಲ್ಲಿ ಸರದಿ ಕಾಯುವ ಔಷಧ ಕಂಪನಿಯ ಹುಡುಗರ ಕೊರಳಲ್ಲಿ ತುಸು ಸಡಿಲಗೊಂಡ ಟೈಗಳಿರುತ್ತವೆ. ಸಂಜೆಯಾಯಿತೆಂದರೆ ಕಲ್ಯಾಣ ಮಂಟಪಗಳಲ್ಲಿ ಆರತಕ್ಷತೆಗೆ ನಿಂತ ಮದುಮಗ, ಮರುದಿನ ಪಂಚೆ ಶಲ್ಯಗಳಲ್ಲಿ ಹಾಯಾಗಿ ಹಸೆಯ ಮೇಲೆ ಕೂರಲಿರುವವನು, ಸೂಟು ಟೈಗಳೊಳಗೆ ಬೆವರುತ್ತಿರುತ್ತಾನೆ. ವಕೀಲರ ಕೊರಳಲ್ಲಿ ಇಳಿಬಿದ್ದ ಬಿಳಿಯ ಬ್ಯಾಂಡನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇನ್ನುಳಿದವರೆಂದರೆ ನನ್ನಂಥ ಬ್ಯಾಂಕಿನವರು, ಮತ್ತು ಹಗಲೆಲ್ಲ ಗಮ್‌ಬೂಟಿನಲ್ಲಿ ತೋಟ ಸುತ್ತಿ, ಇಂಬಳ ಕಿತ್ತುಹಾಕಿ, ರಾತ್ರಿ ಕೋಟು ತೊಟ್ಟು ಕ್ಲಬ್ಬಿಗೆ ಬರುವ ಕೆಲವು ಹಿರಿಯ ಪ್ಲಾಂಟರುಗಳು. ಇಂಥ ಊರಿನಲ್ಲಿ ಕುಳಿತು ಒಳ್ಳೆಯ ಟೈಗಳ ಸಂಗ್ರಹ ಮಾಡುತ್ತೇನೆಂದು ಹೊರಟವನನ್ನು ನೆಂಟರಿಷ್ಟರು ಕನಿಕರದಿಂದ ನೋಡುವುದು ಸಹಜವೇ. ನನ್ನ ವಾದವಾದರೋ ಬೇರೆ. ದಿನವೂ ಟೈ ಕಟ್ಟುವವನಿಗೆ ಇಂದಿನದು ಸರಿಹೋಗದಿದ್ದರೆ ನಾಳೆಯದು ಇದ್ದೇ ಇದೆ. ಅಪರೂಪಕ್ಕೆ ಕಟ್ಟುವವನ ಬಳಿ ಇರುವ ಐದಾರು ಟೈಗಳಾದರೂ ಯಾವ ಅಂಗಿಗೂ, ಯಾವ ಸಮಾರಂಭಕ್ಕೂ ಒಗ್ಗುವಂತಿರಬೇಕು.

ಹಾಗೆ ನೋಡಿದರೆ ಟೈ ಇಲ್ಲದ ಮನೆ ನಮ್ಮಲ್ಲಿ ಅಪರೂಪ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಪ್ಲಾಸ್ಟಿಕ್ ಮುಚ್ಚಳದ ಪೆಟ್ಟಿಗೆಗಳು, ಅವುಗಳೊಳಗೆ ಟೈ, ಅದೇ ಬಟ್ಟೆಯ ಕರವಸ್ತ್ರ, ಒಂದು ಜೊತೆ ಕಫ್‌ಲಿಂಕು, ಹೀಗೆ ಸೆಟ್ಟುಸೆಟ್ಟಾಗಿ ಗಾಡ್ರೇಜ್ ಬೀರುವಿನ ಮೇಲಂಕಣದಲ್ಲಿ ತಲೆಮಾರುಗಟ್ಟಲೆ ಮಲಗಿರುತ್ತವೆ. ಒಂದು ನೇರಳೆ, ಒಂದು ಗಿಣಿಹಸಿರು, ಒಂದು ಗುಲಾಬಿ. ಎಲ್ಲವೂ ಒಂದೇ ಸಮನೆ ಮಿರುಗುವ ಪಾಲಿಯೆಸ್ಟರ್ ಸ್ಯಾಟಿನ್. ಬಣ್ಣ ಎಷ್ಟೇ ಇದ್ದರೂ ಬಟ್ಟೆ ಒಂದೇ ಆದ್ದರಿಂದ ಅವೆಲ್ಲ ಸೇರಿ ಒಂದೇ ಟೈ ಎಂದು ನಾನು ಎಣಿಸುತ್ತೇನೆ, ಅದೂ ಕಟ್ಟಲಾಗದ ಟೈ. ಟೈಗಳನ್ನು ಕೂಡಿಹಾಕುವವನು ಬಣ್ಣದ ಮೇಲೆ ಕಣ್ಣಿಡುತ್ತಾನೆ. ಆದರೆ ಒಂದು ಟೈ ಹತ್ತು ಕಡೆ ಒಗ್ಗುವುದು, ಮತ್ತೊಂದು ಎಲ್ಲಿಯೂ ಒಗ್ಗದಿರುವುದು ಬಹುಮಟ್ಟಿಗೆ ಅದರ ನೇಯ್ಗೆಯಿಂದ. ಕಡುನೀಲಿಯ ಬಣ್ಣವೊಂದನ್ನೇ ತೆಗೆದುಕೊಂಡು ನಾಲ್ಕು ಬಗೆಯ ನೇಯ್ಗೆಯಲ್ಲಿ ನಾಲ್ಕು ಟೈ ಇಟ್ಟುಕೊಂಡವನು ನಾಲ್ಕು ಬಣ್ಣದ ಸ್ಯಾಟಿನ್ ಇಟ್ಟುಕೊಂಡವನಿಗಿಂತ ಶ್ರೀಮಂತ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೇಯ್ಗೆಯನ್ನು ಅಳೆಯಬೇಕಾದದ್ದು ಬೆರಳಿನಿಂದ. ಈ ವಿಷಯದಲ್ಲಿ ನಮ್ಮ ಮನೆಯ ಹೆಂಗಸರು ಗಂಡಸರಿಗಿಂತ ಬಹಳ ಮುಂದಿದ್ದಾರೆ. ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್ ಹುಡುಗ ‘ಪ್ಯೂರ್ ಸಿಲ್ಕ್ ಸಾರ್’ ಎಂದು ಮುಂದಿಟ್ಟ ಟೈಯನ್ನು ನನ್ನ ಹೆಂಡತಿ, ಸೀರೆಯ ಸೆರಗನ್ನು ಪರೀಕ್ಷಿಸುವಂತೆಯೇ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ಹೊಸಕಿದಳು, ಮುಷ್ಟಿಯಲ್ಲಿ ಮುದುಡಿ ಬಿಟ್ಟಳು. ‘ಇದು ಮಿರುಗುತ್ತೆ ಅಷ್ಟೇ ಕಣ್ರೀ, ಕೈಗೇ ಹತ್ತೋದಿಲ್ಲ’ ಎಂದು ಅದನ್ನು ಹಿಂದಕ್ಕೆ ತಳ್ಳಿದಳು. ರೇಷ್ಮೆಯ ಎಳೆಯನ್ನು ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಪುಡಿಪುಡಿಯಾಗುವ ಬೂದಿ ಉಳಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ ಎಂಬ ಪರೀಕ್ಷೆಯನ್ನು ಅಂಗಡಿಯವರು ಮಾಡಲು ಬಿಡುವುದಿಲ್ಲವಾದ್ದರಿಂದ ಬೆರಳಿನ ತೀರ್ಪೇ ಕೊನೆಯದು.

ಆಮೇಲೆ ಟೈಯನ್ನು ಬೋರಲು ಹಾಕಿ ಅದರ ಬೆನ್ನು ನೋಡಬೇಕು. ಒಳ್ಳೆಯ ಟೈಯ ಬೆನ್ನಿನ ಉದ್ದಕ್ಕೂ ಒಂದೇ ನೂಲಿನ ಸಡಿಲವಾದ ಕೈಹೊಲಿಗೆ ಇರುತ್ತದೆ; ಅಗಲವಾದ ತುದಿಯ ಮಡಿಕೆಯನ್ನು ಸ್ವಲ್ಪ ಬಿಡಿಸಿದರೆ ಆ ನೂಲಿನ ಕೊನೆ ಚಿಕ್ಕ ಕುಣಿಕೆಯಾಗಿ ಒಳಗೆ ಅಡಗಿರುವುದು ಕಾಣುತ್ತದೆ. ಕಾಣದವರು ಅದನ್ನು ಹೊಲಿಗೆ ಬಿಟ್ಟ ದಾರವೆಂದು ತಿಳಿದು ಕತ್ತರಿಸಿಹಾಕುತ್ತಾರೆ. ಟೈಯನ್ನು ಕಟ್ಟುವಾಗ ಎಳೆಯುತ್ತೇವೆ, ಬಿಚ್ಚುವಾಗ ಜಗ್ಗುತ್ತೇವೆ. ಆಗ ಬಟ್ಟೆ ಹಿಗ್ಗಿ ಮತ್ತೆ ತನ್ನ ಅಳತೆಗೆ ಮರಳಬೇಕಾದರೆ ಹೊಲಿಗೆಗೆ ಆ ಹೆಚ್ಚುವರಿ ನೂಲು ಬೇಕು. ಬಟ್ಟೆ ಹಿಗ್ಗುವುದಕ್ಕೆ ಕಾರಣ ಅದನ್ನು ಹಾಸು ಹೊಕ್ಕುಗಳಿಗೆ 45 ಡಿಗ್ರಿ ಓರೆಯಾಗಿ, ನಮ್ಮ ದರ್ಜಿಗಳ ಮಾತಿನಲ್ಲಿ ಹೇಳುವುದಾದರೆ ಕ್ರಾಸ್ ಕಟಿಂಗ್‌ನಲ್ಲಿ, ಕತ್ತರಿಸಿರುವುದು. ಹೀಗೆ ಓರೆಯಾಗಿ ಕತ್ತರಿಸಿ ಮೂರು ತುಂಡುಗಳನ್ನು ಜೋಡಿಸುವ ಕ್ರಮವನ್ನು 1920ರ ದಶಕದಲ್ಲಿ ರೂಢಿಗೆ ತಂದು ಪೇಟೆಂಟು ಪಡೆದವನು ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್. ಅದಕ್ಕೆ ಮುಂಚಿನ ಟೈಗಳು ಬೇಗ ಸುಕ್ಕಾಗಿ, ತಿರುಚಿಕೊಂಡು, ಹರಿಯುತ್ತಿದ್ದವು. ಈಗಲೂ ಬಟ್ಟೆ ಉಳಿಸುವ ಆಸೆಯಿಂದ ಓರೆ ತಪ್ಪಿಸಿ ಕತ್ತರಿಸಿದ ಟೈಗಳು ಬೇಕಾದಷ್ಟು ಸಿಗುತ್ತವೆ. ಟೈಯ ನಡುವನ್ನು ಬೆರಳ ಮೇಲಿಟ್ಟು ಎರಡೂ ತುದಿಗಳನ್ನು ಇಳಿಬಿಟ್ಟರೆ ಅವು ನೆಟ್ಟಗೆ ತೂಗಬೇಕು. ಸುತ್ತಿಕೊಂಡು ಗಿರಗಿರನೆ ತಿರುಗಿದರೆ ಕತ್ತರಿ ಅಡ್ಡದಾರಿ ಹಿಡಿದಿದೆ ಎಂದೇ ಅರ್ಥ. ಒಳಗಿನ ಪದರ ಉಣ್ಣೆಯದೋ ಉಣ್ಣೆ ಬೆರೆತ ಹತ್ತಿಯದೋ ಆಗಿದ್ದರೆ ಗಂಟಿಗೆ ಮೈ ಬರುತ್ತದೆ, ಬಿಚ್ಚಿದ ಮೇಲೆ ಸುಕ್ಕು ತಾನಾಗಿ ಇಳಿಯುತ್ತದೆ. ಒಳಪದರವೇ ಇಲ್ಲದೆ ರೇಷ್ಮೆಯನ್ನೇ ಏಳು ಮಡಿಕೆ ಮಡಿಸಿ ಮಾಡುವ ಟೈಗಳೂ ಇವೆ. ಬಟ್ಟೆ ಧಾರಾಳವಾಗಿ ಬೇಡುವ ಆ ಶೋಕಿ ನಮ್ಮಂಥವರಿಗೆ ಬೇಕಿಲ್ಲ.

ರೇಷ್ಮೆಯ ಮಾತು ಬಂದಾಗ ನಮಗೆ ಸ್ವಲ್ಪ ಗರ್ವ ಮೂಡುವುದುಂಟು. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ತೆಗೆಯುವ ರಾಜ್ಯ ನಮ್ಮದು. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಆದರೆ ಹೆಸರುವಾಸಿಯಾದ ಮೈಸೂರು ಕ್ರೇಪ್ ಹುಟ್ಟಿರುವುದು ಮೈಮೇಲೆ ನೀರಿನಂತೆ ಇಳಿಯುವುದಕ್ಕೆ. ಟೈಗೆ ಬೇಕಾದದ್ದು ಗಂಟಿನಲ್ಲಿ ಹಿಡಿದು ನಿಲ್ಲುವ, ತುಸು ಒರಟಾದ ನೇಯ್ಗೆ. ಆ ದೃಷ್ಟಿಯಿಂದ ನಮ್ಮ ಬೆಂಗಳೂರಿನ ಡೂಪಿಯಾನ್ ಹೆಚ್ಚು ಒಳ್ಳೆಯದೆಂದು ನನಗೆ ತೋರುತ್ತದೆ. ಎರಡು ಹುಳುಗಳು ಒಟ್ಟಿಗೆ ಸೇರಿ ಕಟ್ಟಿದ ಜೋಡಿ ಗೂಡಿನಿಂದ ತೆಗೆದ ನೂಲು ಅದು. ಎಳೆಗಳು ಸಿಕ್ಕುಬಿದ್ದಿರುವುದರಿಂದ ನೂಲಿನಲ್ಲಿ ಅಲ್ಲಲ್ಲಿ ದಪ್ಪವಾದ ಗಂಟುಗಳು ಉಳಿಯುತ್ತವೆ, ಬಟ್ಟೆಯ ಮೇಲೆ ಆ ಗಂಟುಗಳು ಗೀರುಗಳಂತೆ ಮೂಡುತ್ತವೆ. ಹೊಳಪು ಕಡಿಮೆ, ಮೈ ಒರಟು, ಬೇಸಿಗೆಯ ತಿಳಿಬಣ್ಣದ ಕೋಟಿಗೆ ಹೇಳಿ ಮಾಡಿಸಿದಂತಿರುತ್ತದೆ. ಓರೆ ಕತ್ತರಿಯ ಮರ್ಮ ಬಲ್ಲ ದರ್ಜಿಯೊಬ್ಬ ಸಿಕ್ಕಿದರೆ ಒಂದು ಮೀಟರು ಬಟ್ಟೆ ಕೊಂಡು ಹೊಲಿಸಿಕೊಳ್ಳಬಹುದು, ಆದರೆ ಬ್ಲೌಸಿನ ಕ್ಯಾನ್ವಾಸನ್ನು ಒಳಗೆ ತುರುಕದಂತೆ ಎದುರಿಗೆ ಕುಳಿತು ಕಾಯಬೇಕಾಗುತ್ತದೆ.

ಒಂದೇ ಒಂದು ಟೈ ಇಟ್ಟುಕೊಳ್ಳಬೇಕೆಂದರೆ ನಾನು ಹೆಸರಿಸುವುದು ಕಡುನೀಲಿಯ ಗ್ರೆನಡೀನ್. ಇದರಲ್ಲಿ ಹಾಸಿನ ನೂಲುಗಳು ಒಂದನ್ನೊಂದು ಸುತ್ತಿಕೊಂಡು ಹೊಕ್ಕಿನ ನೂಲನ್ನು ಬಂಧಿಸುತ್ತವೆ; ಆದ್ದರಿಂದ ಬಟ್ಟೆ ಜಾಳುಜಾಳಾಗಿ, ಸಣ್ಣ ಕಣ್ಣುಕಣ್ಣಾಗಿ ಕಾಣುತ್ತದೆ, ಆದರೂ ಎಳೆ ಜಾರುವುದಿಲ್ಲ. ಇಟಲಿಯ ಕೊಮೊ ಪಟ್ಟಣದ ಕೆಲವೇ ಮಗ್ಗಗಳಲ್ಲಿ ನೇಯುವ ಈ ರೇಷ್ಮೆ ದೂರದಿಂದ ನೋಡಿದರೆ ಬರಿಯ ನೀಲಿ, ಹತ್ತಿರ ಬಂದರೆ ಒಳಗೊಂದು ನೆರಳಿನಾಟ. ಚಿತ್ತಾರವಿಲ್ಲದ್ದರಿಂದ ಗೆರೆಯ ಅಂಗಿಗೂ ಚೌಕುಳಿಯ ಕೋಟಿಗೂ ಜಗಳವಾಡುವುದಿಲ್ಲ. ಮೈ ಒರಟಾದ್ದರಿಂದ ಸಪ್ಪೆ ಎನಿಸುವುದೂ ಇಲ್ಲ. ಸಂದರ್ಶನ, ಬ್ಯಾಂಕಿನ ಆಡಿಟ್ಟು, ಮದುವೆ, ಶ್ರದ್ಧಾಂಜಲಿ ಸಭೆ, ಎಲ್ಲಿಗೆ ಬೇಕಾದರೂ ನಡೆಯುತ್ತದೆ. ಇದರ ನಂತರ ಕಡುಗೆಂಪಿನಲ್ಲಿ ಚಿಕ್ಕ ಬಿಳಿಯ ಚುಕ್ಕೆಯದೊಂದು. ಹೆಣಿಗೆಯ ಟೈ ಒಂದು, ಕಪ್ಪು ಅಥವಾ ಕಂದು. ಕೆಳತುದಿ ಚೂಪಾಗಿರದೆ ನೇರವಾಗಿ ಕತ್ತರಿಸಿದಂತಿರುವ ಇದು ಬರಿಯ ಹತ್ತಿಯ ಕೋಟಿಗೆ ಸಹ ಹೊಂದುತ್ತದೆ, ಊರಿನ ಚಳಿಗಾಲದ ಸಂಜೆಗಳಿಗೆ ಇದಕ್ಕಿಂತ ತಕ್ಕುದು ಬೇರೆ ಕಾಣೆ. ಮದುವೆಗಳಿಗಾಗಿ ಬೂದಿಬಣ್ಣದ್ದೊಂದು. ಟೈ ಅಂಗಿಗಿಂತ ಕಡುವಾಗಿರಬೇಕು ಎಂಬ ಹಳೆಯ ನಿಯಮವೊಂದನ್ನು ಪಾಲಿಸಿದರೆ ಬಣ್ಣದ ಬಗ್ಗೆ ಹೆಚ್ಚಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನು ಓರೆಗೆರೆಯ ಟೈ. ಇದು ಕೊಂಚ ಜಾಗ್ರತೆಯ ವಿಷಯ. ಟೈಯ ಹುಟ್ಟಿನಲ್ಲೇ ಸಿಪಾಯಿಗಳ ಸಹವಾಸವಿದೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ರಾಜನ ಪರವಾಗಿ ಕಾದಾಡಲು ಬಂದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಕಂಡು ಪ್ಯಾರಿಸ್ಸಿನ ಶೋಕಿಲಾಲರು ಅನುಕರಿಸಿದರು. ಬ್ರಿಟಿಷರು ಮುಂದೆ ತಮ್ಮ ರೆಜಿಮೆಂಟು, ಶಾಲೆ, ಕ್ಲಬ್ಬುಗಳಿಗೆ ಒಂದೊಂದು ಬಗೆಯ ಪಟ್ಟೆಯನ್ನು ಗೊತ್ತುಮಾಡಿಕೊಂಡರು. ತೊಟ್ಟವನ ಎಡಭುಜದಿಂದ ಬಲಸೊಂಟದ ಕಡೆಗೆ ಇಳಿಯುವ ಪಟ್ಟೆ ಅವರದು. ಅಮೆರಿಕದ ಬಟ್ಟೆ ವ್ಯಾಪಾರಿಗಳು ಅದನ್ನು ಬಲಭುಜದಿಂದ ಎಡಕ್ಕೆ ತಿರುಗಿಸಿ, ಯಾವ ರೆಜಿಮೆಂಟಿಗೂ ಸೇರದವನಿಗೂ ಸಲ್ಲುವಂತೆ ಮಾಡಿದರು. ಕಡುನೀಲಿಯ ಮೇಲೆ ಕಡುಗೆಂಪು ಪಟ್ಟೆಯ ಟೈ ಚೆನ್ನಾಗಿದೆಯೆಂದು ಕೊಂಡವನಿಗೆ ಅದು ಇಂಗ್ಲೆಂಡಿನ ಅರಮನೆ ಕಾಯುವ ಗಾರ್ಡ್ಸ್ ದಳದ ಗುರುತೆಂದು ತಿಳಿದಿರುವುದಿಲ್ಲ. ರತ್ನಗಿರಿ ಬೋರೆಯ ಹತ್ತಿರ ಸಂಜೆ ವಾಕಿಂಗ್ ಮಾಡುವಾಗ ಯಾರೂ ತಡೆದು ಕೇಳಲಾರರು, ನಿಜ. ಆದರೂ ಕಾಫಿ ತೋಟಗಳ ಈ ಸೀಮೆಯಲ್ಲಿ, ಇಲ್ಲಿಯ ಕಡೂರು ಕ್ಲಬ್ಬು, ಸಕಲೇಶಪುರದ ಕಡೆಯ ಮಂಜರಾಬಾದ್ ಕ್ಲಬ್ಬುಗಳಂಥ ಹಳೆಯ ಸಂಸ್ಥೆಗಳು ಇರುವಲ್ಲಿ, ಪಟ್ಟೆ ಓದಬಲ್ಲ ವೃದ್ಧರು ಇನ್ನೂ ಇದ್ದಾರೆ. ಸೈನ್ಯದಲ್ಲಿ ದುಡಿದು ಬಂದು ತೋಟ ನೋಡಿಕೊಳ್ಳುತ್ತಿರುವ ಹಿರಿಯರ ಮುಂದೆ ಅವರ ದಳದ ಬಣ್ಣ ಕಟ್ಟಿಕೊಂಡು ನಿಲ್ಲುವುದು ಸಭ್ಯತೆಯಲ್ಲ. ಸಂದೇಹವಿದ್ದರೆ ಗೆರೆಯಿಲ್ಲದ ಟೈ ವಾಸಿ.

ಅಗಲದ ಬಗ್ಗೆ ಎರಡೇ ಮಾತು. ಕೋಟಿನ ಲ್ಯಾಪೆಲ್, ಅಂದರೆ ಎದೆಯ ಮೇಲೆ ಹೊರಕ್ಕೆ ಮಡಿಚಿದ ಪಟ್ಟಿ, ಎಷ್ಟು ಅಗಲವೋ ಟೈ ಸುಮಾರಾಗಿ ಅಷ್ಟಿದ್ದರೆ ಸರಿ; ಎಂಟರಿಂದ ಒಂಬತ್ತು ಸೆಂಟಿಮೀಟರ್ ಎಂದರೆ ಯಾವ ಕಾಲದ ಶೋಕಿಗೂ ಸಿಕ್ಕಿಬೀಳದ ಅಳತೆ. ತುದಿ ಬೆಲ್ಟಿನ ಬಕಲ್ ಮುಟ್ಟಬೇಕು, ದಾಟಬಾರದು.

ಗಂಟಿನ ವಿಷಯದಲ್ಲಿ ಜನ ಅನಾವಶ್ಯಕವಾಗಿ ಹೆದರುತ್ತಾರೆ. ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯದ ಥಾಮಸ್ ಫಿಂಕ್ ಮತ್ತು ಯಾಂಗ್ ಮಾವೊ ಎಂಬ ಇಬ್ಬರು ಭೌತವಿಜ್ಞಾನಿಗಳು 1999ರಲ್ಲಿ ಗಣಿತದ ಸಹಾಯದಿಂದ ಲೆಕ್ಕಹಾಕಿ, ಸಾಮಾನ್ಯವಾದ ಟೈಯೊಂದನ್ನು 85 ರೀತಿಯಲ್ಲಿ ಕಟ್ಟಬಹುದೆಂದು ತೋರಿಸಿದರು. ವಿಜ್ಞಾನ ಇಂಥ ಕೆಲಸಗಳನ್ನೂ ಮಾಡುತ್ತದೆಂದು ತಿಳಿದಾಗ ನನಗೆ ಬಹಳ ಸಮಾಧಾನವಾಯಿತು. 85ರಲ್ಲಿ 84ನ್ನು ಕಲಿಯದೆ ಬದುಕಬಹುದು. ಫೋರ್-ಇನ್-ಹ್ಯಾಂಡ್ ಎನ್ನುವ ಸರಳವಾದ ಗಂಟೊಂದು ಸಾಕು. ಅಗಲದ ತುದಿಯನ್ನು ಸಣ್ಣ ತುದಿಯ ಮೇಲೆ ಹಾಯಿಸಿ, ಕೆಳಗಿನಿಂದ ತಂದು, ಇನ್ನೊಮ್ಮೆ ಮೇಲೆ ಹಾಯಿಸಿ, ಕೊರಳ ಹತ್ತಿರದ ಸಂದಿಯಿಂದ ತೂರಿಸಿ, ಮುಂದಿನ ಸುತ್ತಿನೊಳಗೆ ಇಳಿಸಿದರೆ ಮುಗಿಯಿತು. ಗಂಟು ತುಸು ಓರೆಯಾಗಿ ಕೂರುತ್ತದೆ, ಕೂರಬೇಕಾದದ್ದೂ ಹಾಗೆಯೇ. ಬಿಗಿಗೊಳಿಸುವ ಮುನ್ನ ಗಂಟಿನ ಕೆಳಗೆ ತೋರುಬೆರಳಿನಿಂದ ಒಂದು ಗುಳಿ ಒತ್ತಿ ಹಿಡಿಯಬೇಕು. ಪಾಲಿಯೆಸ್ಟರಿನಲ್ಲಿ ಆ ಗುಳಿ ನಿಲ್ಲುವುದಿಲ್ಲ, ಉಣ್ಣೆಯ ಒಳಪದರವಿರುವ ರೇಷ್ಮೆಯಲ್ಲಿ ರಾತ್ರಿಯವರೆಗೂ ನಿಲ್ಲುತ್ತದೆ. ಮದುಮಕ್ಕಳಿಗೆ ಕಟ್ಟುವ ತ್ರಿಕೋನಾಕಾರದ ದಪ್ಪ ವಿಂಡ್ಸರ್ ಗಂಟು ತೆಳುಕೊರಳಿನ ಹುಡುಗರ ಗದ್ದದ ಕೆಳಗೆ ಸಮೋಸದಷ್ಟು ಜಾಗ ಹಿಡಿಯುವುದನ್ನು ಎಲ್ಲರೂ ನೋಡಿದ್ದಾರೆ.

ನಮ್ಮ ಸೀಮೆಯಲ್ಲಿ ಟೈಗಳ ದೊಡ್ಡ ವೈರಿ ಮಳೆಗಾಲ. ಊರಿನಲ್ಲಿ ಅಷ್ಟಾಗಿ ಸುರಿಯದಿದ್ದರೂ ಮೂಡಿಗೆರೆ, ಕೊಪ್ಪದ ಕಡೆಯ ಮನೆಗಳಲ್ಲಿ ಆಷಾಢಕ್ಕೆಲ್ಲ ಚರ್ಮದ ಬೆಲ್ಟುಗಳು ಹಸಿರು ಬೂಷ್ಟು ಹಿಡಿಯುತ್ತವೆ. ಕತ್ತಲೆಯ ಬೀರುವಿನಲ್ಲಿ ಮುಚ್ಚಿಟ್ಟ ರೇಷ್ಮೆಗೂ ಅದೇ ಗತಿ. ಒದ್ದೆಯಾದ ಪಂಚೆ ಟವೆಲುಗಳ ಜೊತೆ ಟೈಯನ್ನೂ ಬಚ್ಚಲೊಲೆಯ ಮೇಲೆ ಒಣಗಲು ಹಾಕಿದರೆ ಬೂಷ್ಟು ಹೋಗುತ್ತದೆ, ಹೊಗೆಯ ವಾಸನೆ ಮಾತ್ರ ದಸರಾದವರೆಗೂ ಹೋಗುವುದಿಲ್ಲ. ಬಿಸಿಲು ಬಿದ್ದ ದಿನ ನೆರಳಿನಲ್ಲಿ ಗಾಳಿಗೆ ಹರಡಿ, ಹಳೆಯ ಹತ್ತಿಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಇಡುವುದು ಒಳ್ಳೆಯದು. ಹೆಣಿಗೆಯ ಟೈಯನ್ನಂತೂ ತೂಗುಹಾಕಲೇಬಾರದು. ತನ್ನ ಭಾರಕ್ಕೆ ತಾನೇ ಉದ್ದವಾಗುತ್ತದೆ. ಸಾರು ಬಿದ್ದ ಟೈಯನ್ನು ನೀರಿಗೆ ಅದ್ದಿದರೆ ಸಾರಿನ ಕಲೆಯ ಸುತ್ತ ನೀರಿನ ಕಲೆಯೂ ಸೇರಿಕೊಳ್ಳುತ್ತದೆಯಾದ್ದರಿಂದ, ಊಟಕ್ಕೆ ಬಾಳೆಲೆಯ ಮುಂದೆ ಕೂರುವಾಗ ಅದನ್ನು ಅಂಗಿಯ ಎರಡು ಗುಂಡಿಗಳ ನಡುವೆ ಒಳಕ್ಕೆ ತೂರಿಸಿಕೊಳ್ಳುವುದೇ ಜಾಣತನ.

ಸಂಗ್ರಹ ಎಂದಮೇಲೆ ಎರವಲು ಕೇಳುವವರೂ ಇರುತ್ತಾರೆ. ಕೇರಿಯ ಹುಡುಗರ ಆರತಕ್ಷತೆಗಳಿಗೆ ನನ್ನ ಬೂದಿಬಣ್ಣದ ಟೈ ಎಷ್ಟು ಸಲ ಹೋಗಿ ಬಂದಿದೆಯೋ. ಗ್ರೆನಡೀನನ್ನು ಕೊಡುವುದಿಲ್ಲ, ಅದರ ಜಾಳು ಎಳೆ ಉಂಗುರಕ್ಕೋ ವಾಚಿನ ಪಟ್ಟಿಗೋ ಸಿಕ್ಕಿದರೆ ಕೆಟ್ಟಂತೆಯೇ. ಬೂದಿಬಣ್ಣದ್ದು ಹೋದಾಗಲೆಲ್ಲ ಗಂಟು ಬಿಚ್ಚದೆಯೇ, ಕುಣಿಕೆಯ ಸಮೇತ, ಸಿಹಿ ಪೊಟ್ಟಣದ ಜೊತೆ ವಾಪಸು ಬರುತ್ತದೆ. ‘ಮತ್ತೆ ಯಾರಿಗಾದರೂ ಬೇಕಾದರೆ ಸಲೀಸಾಗಲಿ ಅಂತ ಹಾಗೇ ಇಟ್ಟಿದ್ದೀನಿ ಅಂಕಲ್’ ಎನ್ನುತ್ತಾನೆ ಹುಡುಗ. ಸಣ್ಣ ತುದಿಯನ್ನು ಹಿಡಿದು ಸರ್‍ರನೆ ಎಳೆದರೆ ಒಳಪದರ ತಿರುಚಿಕೊಳ್ಳುತ್ತದೆ. ಕಟ್ಟಿದ ಕ್ರಮದಲ್ಲಿಯೇ ಹಿಂದುಹಿಂದಕ್ಕೆ ಬಿಚ್ಚಬೇಕು ಎಂದು ಅವನಿಗೆ ತೋರಿಸಿಕೊಡುತ್ತೇನೆ. ಅವನು ಮರ್ಯಾದೆಯಿಂದ ನೋಡಿ, ಕಾಫಿ ಕುಡಿದು, ಹೋಗುತ್ತಾನೆ.