ಬೇಕಾದದ್ದು ಹಿಂದೊತ್ತಡವಲ್ಲ, ಅನಿಲದ ವೇಗ

ಎಂಜಿನ್ ಚೆನ್ನಾಗಿ ಎಳೆಯಲು ಎಕ್ಸಾಸ್ಟ್‌ನಲ್ಲಿ (ಹೊಗೆ ಹೊರಹೋಗುವ ಕೊಳವೆಯಲ್ಲಿ) ಸ್ವಲ್ಪ ಹಿಂದೊತ್ತಡ, ಅಂದರೆ ಹೊರಹೋಗುವ ಅನಿಲಕ್ಕೆ ಎದುರಾಗುವ ತಡೆ, ಇರಲೇಬೇಕು ಎಂಬ ಮಾತನ್ನು ನಾನು ಒಪ್ಪಲಾರೆ. ನಾಲ್ಕು ಸ್ಟ್ರೋಕ್ ಎಂಜಿನ್‌ಗೆ ಹಿಂದೊತ್ತಡವೆಂದರೆ ಹೊಗೆಯನ್ನು ಹೊರದೂಡಲು ಪಿಸ್ಟನ್ ವ್ಯಯಿಸುವ ಹೆಚ್ಚುವರಿ ಶಕ್ತಿ ಮಾತ್ರ. ದಪ್ಪ ಪೈಪ್ ಹಾಕಿದಾಗ ಕೆಳ ಆರ್‌ಪಿಎಂನಲ್ಲಿ ಎಳೆತ ಕುಗ್ಗುವುದು ನಿಜವೇ ಆದರೂ, ಅದಕ್ಕೆ ಕಾರಣ ಬೇರೆ: ಮಿಶ್ರಣ ಒಳಬರುವ ಮತ್ತು ಹೊಗೆ ಹೊರಹೋಗುವ ವಾಲ್ವ್‌ಗಳೆರಡೂ ಒಟ್ಟಿಗೆ ತೆರೆದಿರುವ ಅಲ್ಪಾವಧಿಯಲ್ಲಿ, ವೇಗವಾಗಿ ಹೊರಹೋಗುವ ಅನಿಲವು ತನ್ನ ಹಿಂದೆ ಕಡಿಮೆ ಒತ್ತಡವನ್ನು ಉಂಟುಮಾಡಿ ಗಾಳಿ-ಇಂಧನದ ಹೊಸ ಮಿಶ್ರಣವನ್ನು ಸಿಲಿಂಡರ್‌ನೊಳಗೆ ಸೆಳೆಯುತ್ತದೆ, ಪೈಪ್ ಅಗಲವಾದಷ್ಟೂ ಆ ವೇಗ ತಗ್ಗಿ ಸೆಳೆತವೂ ದುರ್ಬಲವಾಗುತ್ತದೆ. ಒಳವ್ಯಾಸ 2 ಇಂಚಿನಿಂದ 2.5 ಇಂಚಿಗೆ ಏರಿದರೆ ಪೈಪ್‌ನ ಅಡ್ಡಕೊಯ್ತದ ವಿಸ್ತೀರ್ಣ ಶೇಕಡ 56ರಷ್ಟು ಹೆಚ್ಚುತ್ತದೆ ಎಂಬುದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಪರಿಣಾಮ ಮುಖ್ಯವಾಗಿ ಹೆಡರ್‌ನ (ಎಂಜಿನ್‌ಗೆ ನೇರವಾಗಿ ಜೋಡಿಸಿದ ಎಕ್ಸಾಸ್ಟ್ ಭಾಗದ) ಕೊಳವೆಗಳಿಗೆ ಸಂಬಂಧಿಸಿದ್ದು, ಸೈಲೆನ್ಸರ್‌ನ ಹಿಂದಿನ ತುದಿಗಲ್ಲ.

ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಎಕ್ಸಾಸ್ಟ್‌ನ ತಡೆ ಕಡಿಮೆ ಮಾಡಿ, ಇಂಧನದ ಪ್ರಮಾಣ ನಿರ್ಧರಿಸುವ ಸಣ್ಣ ರಂಧ್ರವಾದ ಜೆಟ್ ಬದಲಿಸದೆ ಬಿಟ್ಟಾಗ ಇಂಧನದ ಪ್ರಮಾಣ ಸಾಲದೆ ಶಕ್ತಿ ಇಳಿಯುತ್ತಿತ್ತು. ಹಿಂದೊತ್ತಡದ ನಂಬಿಕೆ ಗಟ್ಟಿಯಾಗಲು ಇದೂ ಒಂದು ಕಾರಣವಿರಬೇಕೆಂದು ನನ್ನ ಅನಿಸಿಕೆ. ಟರ್ಬೊ ಎಂಜಿನ್‌ನಲ್ಲಂತೂ ಈ ವಾದ ನಿಲ್ಲುವುದೇ ಇಲ್ಲ. ಹೊರಹೋಗುವ ಅನಿಲದಿಂದ ತಿರುಗುವ ಟರ್ಬೈನ್‌ನ ಆಚೆ ಒತ್ತಡ ಕಡಿಮೆಯಿದ್ದಷ್ಟೂ ಟರ್ಬೊ ಬೇಗ ವೇಗ ಪಡೆಯುತ್ತದೆ.

ಬಾಗುವ ಜಾಗದಲ್ಲಿ ಪೈಪ್ ಚಪ್ಪಟೆಯಾಗಿದ್ದರೆ ಅಲ್ಲಿಯ ಕಿರಿದಾದ ಅಳತೆಯೇ ಹರಿವಿಗೆ ಅಡ್ಡಿಯಾಗುತ್ತದೆ. ಆದ್ದರಿಂದ ಇನ್ನೂ ದಪ್ಪದ ಪೈಪ್‌ಗೆ ಹೋಗುವ ಮೊದಲು ಮ್ಯಾಂಡ್ರೆಲ್ ಬೆಂಡ್ (ಒಳಗೆ ಆಧಾರ ಕೊಟ್ಟು ಚಪ್ಪಟೆಯಾಗದಂತೆ ಬಾಗಿಸುವ ವಿಧಾನ) ಮಾಡಿಸುವುದು ಒಳ್ಳೆಯದು.