ಸ್ಮಾರ್ಟ್ ಬೋರ್ಡೂ, ಬೀರುವಿನ ಬೀಗವೂ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ನಗರದ ಒಂದು ಸರ್ಕಾರಿ ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸ್ ಉದ್ಘಾಟನೆಗೆ ಹೋಗಿದ್ದೆ. ಗೋಡೆ ತುಂಬ ಪರದೆ, ಅದರಲ್ಲಿ ಲೋಲಕದ ಪಾಠ. ಬಣ್ಣದ ಗುಂಡು ಅತ್ತಿತ್ತ ತೂಗುತ್ತಿತ್ತು, ಜೊತೆಗೆ ಸಂಗೀತ ಬೇರೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಸಾರ್, ಗುಂಡು ಭಾರ ಜಾಸ್ತಿ ಇದ್ರೆ ಬೇಗ ತೂಗುತ್ತಾ?" ಎಂಥ ಪ್ರಶ್ನೆ! ಮೇಷ್ಟ್ರು ಪರದೆ ಕಡೆ ಕೈ ತೋರಿಸಿದರು. "ಮುಂದೆ ಬರುತ್ತೆ, ನೋಡ್ತಿರು." ಬರಲಿಲ್ಲ.

ಅಲ್ಲ, ಲೋಲಕಕ್ಕೆ ಏನು ಮಹಾ ಬೇಕು? ದಾರ, ಕಲ್ಲು. 1 ಮೀಟರ್ ದಾರಕ್ಕೆ ಕಲ್ಲು ಕಟ್ಟಿ ಬಿಟ್ಟರೆ ಹೋಗಿ ಬರಲು ಸುಮಾರು 2 ಸೆಕೆಂಡ್. ಅದರ ಎರಡರಷ್ಟು ಭಾರದ ಕಲ್ಲು ಕಟ್ಟಿ, ಆಗಲೂ ಅಷ್ಟೇ. ದಾರವನ್ನು 25 ಸೆಂಟಿಮೀಟರಿಗೆ ಇಳಿಸಿ, 1 ಸೆಕೆಂಡ್. ಉದ್ದ ಕಾಲು ಭಾಗವಾದರೆ ಸಮಯ ಯಾಕೆ ಅರ್ಧಕ್ಕೇ ನಿಂತಿತು? ಸಮಯ ಬದಲಾಗೋದು ಉದ್ದದ ವರ್ಗಮೂಲದಂತೆ, ಕಾಲು ಭಾಗದ ವರ್ಗಮೂಲ ಅರ್ಧ. ವರ್ಗಮೂಲ ಕಲಿಸಲು ಇದಕ್ಕಿಂತ ಒಳ್ಳೇ ಗಳಿಗೆ ಸಿಗುತ್ತಾ? ಗಣಿತ, ವಿಜ್ಞಾನ ಎರಡೂ ಒಂದೇ ಪೀರಿಯಡ್ಡಿನಲ್ಲಿ!

ಪಕ್ಕದ ಕೋಣೆಯಲ್ಲೇ ಬೀರು. ಪ್ರನಾಳ, ಮಸೂರ, ಆಯಸ್ಕಾಂತ, ಎಲ್ಲ ತಂದಾಗಿನ ಕಾಗದದಲ್ಲೇ ಸುತ್ತಿಕೊಂಡು ಕೂತಿವೆ. ಮೇಲೆ ಬೀಗ. "ಒಡೆದರೆ ನಮ್ಮ ತಲೆಗೇ ಬರುತ್ತೆ ಸಾರ್, ಸ್ಟಾಕ್ ರಿಜಿಸ್ಟರ್ ಲೆಕ್ಕ ಕೊಡಬೇಕು" ಅಂದರು ಮೇಷ್ಟ್ರು. ಬೈಯಲು ಮನಸ್ಸು ಬರಲಿಲ್ಲ. ಗಣಿತ, ವಿಜ್ಞಾನ ಎರಡೂ ಅವರೊಬ್ಬರದೇ ಹೆಗಲಿಗೆ.

"ಹಾಗಾದ್ರೆ ಪರದೆ ಬೇಡ್ವಾ?" ಅಂತ ಕಾಮೆಂಟಿಗೆ ಕೈ ಹಾಕಬೇಡಿ. ಹೃದಯ ಬಡಿಯೋದನ್ನು ತೋರಿಸಿ, ಗ್ರಹಣ ತೋರಿಸಿ, ಯಾರು ಬೇಡ ಅಂದರು? ಆದರೆ ದಾರ ಮತ್ತು ಕಲ್ಲಿನ ಅನಿಮೇಷನ್ ಯಾಕೆ? ಇಂಗ್ಲೆಂಡಿನ ವಿಜ್ಞಾನಿ ಮೈಕಲ್ ಫ್ಯಾರಡೆ ಒಂದು ಮೇಣದಬತ್ತಿಯನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ಆರು ಉಪನ್ಯಾಸ ಕೊಟ್ಟ. ನಾವಾದರೆ ಮೇಣದಬತ್ತಿಯ ವಿಡಿಯೋಗೆ ಟೆಂಡರ್ ಕರೆಯುತ್ತಿದ್ದೆವು.

ಸಿಟ್ಟಿಗೆ ಹಳೇ ಕಾರಣವೂ ಇದೆ. ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ ಬ್ಯೂರೆಟ್; ಅದನ್ನು ಮುಟ್ಟದೇ ಟೈಟ್ರೇಷನ್ನಿನಲ್ಲಿ, ಅಂದರೆ ಬಣ್ಣ ತಿರುಗುವವರೆಗೆ ಹನಿ ಬಿಟ್ಟು ಅಳೆಯುವ ಪ್ರಯೋಗದಲ್ಲಿ, ಪೂರ್ತಿ ಅಂಕ ತೆಗೆದವನು ನಾನು. ರೆಕಾರ್ಡ್ ಪುಸ್ತಕದ ಚಿತ್ರ ಚೆನ್ನಾಗಿತ್ತು, ಅಷ್ಟೇ. ಒಂದೇ ಒಂದು ಹನಿಗೆ ದ್ರಾವಣ ಗುಲಾಬಿಗೆ ತಿರುಗೋದನ್ನು ಕಣ್ಣಾರೆ ಕಂಡಿದ್ದು ಕೆಲಸಕ್ಕೆ ಸೇರಿದ ಮೇಲೆ. ಆ ಹೊಟ್ಟೆಯುರಿ ಇನ್ನೂ ಇಳಿದಿಲ್ಲ.

ಒಡೆದ ಗಾಜಿಗೆ ಮೇಷ್ಟ್ರನ್ನು ಹೊಣೆ ಮಾಡಲ್ಲ ಅಂತ ಒಂದು ಆದೇಶ ಹೊರಡಿಸಿ ಸ್ವಾಮಿ. ಅದಕ್ಕೆ ಕರೆಂಟೂ ಬೇಡ, ಇಂಟರ್ನೆಟ್ಟೂ ಬೇಡ. ಆಮೇಲೆ ತಪಾಸಣೆಗೆ ಹೋದಾಗ, ವರ್ಷಪೂರ್ತಿ ಒಂದೂ ಪ್ರನಾಳ ಒಡೆಯದ ಶಾಲೆಗೇ ನೋಟಿಸ್ ಕೊಡಿ.